ಹಾರ್ಮೋನ್ ಏರುಪೇರು ಅಂದರೆ ಯಾವ ಹಾರ್ಮೋನು, ಯಾವಾಗ?

ಈ ತಿಂಗಳು ಬಂದ ಪತ್ರಗಳಲ್ಲಿ ಬಹಳಷ್ಟು "ಹಾರ್ಮೋನ್ ಏರುಪೇರಾಗಿದೆ ಅಂತ ಹೇಳಿದ್ದಾರೆ, ಏನು ಮಾಡಲಿ?" ಅನ್ನುವಂಥವು. ಯಾರಾದರೂ ನಿಮಗೆ ಹಾಗೆ ಹೇಳಿದರೆ ತಲೆ ಆಡಿಸಿಕೊಂಡು ಬರಬೇಡಿ. ಯಾವ ಹಾರ್ಮೋನು ಅಂತ ಕೇಳಿ. ನನ್ನ ವಯಸ್ಸಿಗೆ, ತಿಂಗಳಿನ ಈ ದಿನಕ್ಕೆ ಅದು ಎಷ್ಟಿರಬೇಕಿತ್ತು ಅಂತಲೂ ಕೇಳಿ. ಎರಡು ತಿಂಗಳ ಗಂಡು ಮಗುವಿನ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಅಂದರೆ ಗಂಡು ಹಾರ್ಮೋನು ಇದ್ದೇ ಇರುತ್ತದೆ, ಅದೇ ಮಟ್ಟ ಆರು ವರ್ಷದ ಹುಡುಗನಲ್ಲಿ ಕಂಡರೆ ನಾವು ಗಾಬರಿಯಾಗುತ್ತೇವೆ. ಪತ್ರಗಳನ್ನು ಹೆಚ್ಚುಕಡಿಮೆ ವಯಸ್ಸಿನ ಪ್ರಕಾರ ಜೋಡಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಮೊಮ್ಮಗ ಹುಟ್ಟಿ ಎಂಟು ದಿನ ಆಯ್ತು. ಎರಡೂ ಎದೆ ಅಡಿಕೆ ಗಾತ್ರಕ್ಕೆ ಊದಿಕೊಂಡಿವೆ, ಒತ್ತಿದರೆ ಹಾಲಿನಂಥದ್ದು ಬರುತ್ತೆ. ನೀರು ಹಾಕಲು ಬರುವ ಅಜ್ಜಿ ದಿನಾ ಹಿಂಡಿ ತೆಗೀಬೇಕು ಅಂತಾರೆ. ಗಂಡು ಮಗುವಿಗೆ ಹೀಗೆ ಆಗುತ್ತಾ?
– ಅಜ್ಜಿ, ತುರುವೇಕೆರೆ

ಆಗುತ್ತೆ ಅಮ್ಮ. ಗಂಡಾಗಲಿ ಹೆಣ್ಣಾಗಲಿ ಆಗುತ್ತೆ. ದಯವಿಟ್ಟು ಹಿಂಡಬೇಡಿ, ಹಿಂಡಲು ಬಿಡಲೂಬೇಡಿ.

ಒಂಬತ್ತು ತಿಂಗಳು ಮಗು ತಾಯಿಯ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನಿನಲ್ಲೇ ಬೆಳೆದಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಆ ಸರಬರಾಜು ನಿಂತುಹೋಗುತ್ತದೆ. ಆಗ ಮಗುವಿನದೇ ಪ್ರೊಲ್ಯಾಕ್ಟಿನ್ ಅಂದರೆ ಹಾಲಿನ ಹಾರ್ಮೋನು ಕೆಲಸಕ್ಕೆ ಇಳಿಯುತ್ತದೆ. ಅದಕ್ಕೇ ಎದೆ ಊದುವುದು, ಎರಡು ಹನಿ ಹಾಲು ಬರುವುದು. ಹೆಣ್ಣು ಮಗುವಾದರೆ ಮೊದಲ ವಾರದಲ್ಲಿ ಡೈಪರ್ ಮೇಲೆ ಒಂದೆರಡು ತೊಟ್ಟು ರಕ್ತವೂ ಕಾಣಬಹುದು. ಅದಕ್ಕೂ ಇದೇ ಕಾರಣ. ಕೆಲವು ವಾರಗಳಲ್ಲಿ ಇದೆಲ್ಲ ತಾನಾಗಿಯೇ ಇಳಿಯುತ್ತದೆ. ಹಿಂಡಿದರೆ ಚರ್ಮ ಬಿರುಕು ಬಿಟ್ಟು, ಒಳಗೆ ಸೋಂಕು ಹೊಕ್ಕು ಕೀವು ತುಂಬುತ್ತದೆ. ಎಂಟು ದಿನದ ಮಗುವಿನ ಎದೆ ಕೊಯ್ದು ಕೀವು ತೆಗೆಯುವ ಸ್ಥಿತಿ ಯಾರಿಗೂ ಬೇಡ. ಹೆಣ್ಣು ಮಗುವಾದರೆ ಮುಂದೆ ಎದೆ ಬೆಳೆಯಬೇಕಾದ ಜಾಗಕ್ಕೇ ಪೆಟ್ಟು ಬೀಳಬಹುದು. ಕೆಂಪಾದರೆ, ಬಿಸಿಯಾದರೆ, ಜ್ವರ ಬಂದರೆ ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ನೀವು ಕೇಳದೇ ಇದ್ದದ್ದು ಒಂದಿದೆ. ಗಂಡು ಮಕ್ಕಳಿಗೆ ಒಂದರಿಂದ ಮೂರನೇ ತಿಂಗಳಲ್ಲಿ ಟೆಸ್ಟೋಸ್ಟಿರಾನ್ ಮತ್ತೊಮ್ಮೆ ಏರುತ್ತದೆ, ಆರು ತಿಂಗಳ ಹೊತ್ತಿಗೆ ಇಳಿದುಹೋಗುತ್ತದೆ. ಹೊಟ್ಟೆಯಲ್ಲೇ ಉಳಿದುಕೊಂಡ ಬೀಜ ಕೆಳಗೆ ಇಳಿಯುವುದಿದ್ದರೆ ಸಾಮಾನ್ಯವಾಗಿ ಈ ಅವಧಿಯಲ್ಲೇ ಇಳಿಯುತ್ತದೆ. ಆರು ತಿಂಗಳಾದರೂ ಚೀಲದಲ್ಲಿ ಎರಡು ಸಿಗದಿದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು. ಒಂದು, ಒಂದೂವರೆ ವರ್ಷದೊಳಗೆ ಆಪರೇಷನ್ ಆಗಿಬಿಡಬೇಕು. "ದೊಡ್ಡವನಾದ ಮೇಲೆ ಸರಿ ಹೋಗುತ್ತೆ" ಅಂತ ಕಾಯುವವರೇ ಜಾಸ್ತಿ. ಎಣ್ಣೆ ಹಚ್ಚುವಾಗ ಒಂದು ಸಲ ಮುಟ್ಟಿ ನೋಡಿ.

ಮಗಳಿಗೆ ಏಳು ವರ್ಷ ಎಂಟು ತಿಂಗಳು. ಒಂದು ಕಡೆ ಎದೆ ಗಟ್ಟಿಯಾಗಿ ಬೆಳೆದಿದೆ, ಮುಟ್ಟಿದರೆ ನೋವು ಅಂತಾಳೆ. ಅತ್ತೆ ಮನೆಯಲ್ಲಿ ಕೋಳಿ, ಚಿಗಳಿ ಉಂಡೆ ಎರಡೂ ಬಂದ್ ಮಾಡಿದ್ದಾರೆ. ಹಾಲಿನಲ್ಲಿ ಇಂಜೆಕ್ಷನ್ ಇರುತ್ತೆ ಅಂತ ಹಾಲೂ ನಿಲ್ಲಿಸಿದ್ದಾರೆ. ಇಷ್ಟು ಬೇಗ ದೊಡ್ಡೋಳಾಗಿಬಿಡ್ತಾಳಾ?
– ಒಬ್ಬ ತಾಯಿ, ಚಿತ್ರದುರ್ಗ

ಮೊದಲು ಮಗುವಿಗೆ ಹಾಲು ಕೊಡಿ.

ನಾಟಿ ಕೋಳಿ ಒಂದು ಕಿಲೋ ಆಗಲು ತಿಂಗಳುಗಟ್ಟಲೆ ಬೇಕು, ಬ್ರಾಯ್ಲರ್ ಐದಾರು ವಾರದಲ್ಲಿ ಎರಡು ಕಿಲೋ ಆಗುತ್ತೆ. ಹಾಗಾಗಿ ಅನುಮಾನ ಬರುವುದು ಸಹಜ. ಆದರೆ ಅದಕ್ಕೆ ಕಾರಣ ದಶಕಗಳ ತಳಿ ಆಯ್ಕೆ ಮತ್ತು ಮೇವು. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನ್, ಮೇವಿನಲ್ಲಿ ಬೆರೆಸಿದರೆ ಕೋಳಿಯ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಒಂದು ಶೆಡ್ಡಿನ ಸಾವಿರಾರು ಕೋಳಿಗಳನ್ನು ದಿನಾ ಹಿಡಿದು ಚುಚ್ಚುವವರು ಯಾರು? ಕೋಳಿ ಸಾಕಣೆಯಲ್ಲಿ ಆ್ಯಂಟಿಬಯಾಟಿಕ್ ಬೇಕಾಬಿಟ್ಟಿ ಬಳಸುವುದು ನಿಜವಾದ ಸಮಸ್ಯೆ, ಆದರೆ ಅದು ಬೇರೆ ಕಥೆ. ಹಸುವಿಗೆ ಸೊರೆ ಬಿಡಲಿ ಅಂತ ಆಕ್ಸಿಟೋಸಿನ್ ಚುಚ್ಚುವುದು ಕಾನೂನಿನ ಪ್ರಕಾರ ಅಪರಾಧ, ಹಸುವಿಗೆ ಹಿಂಸೆ. ಅದು ಕೂಡ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ತುಂಡು, ಹೊಟ್ಟೆಗೆ ಹೋದರೆ ಉಳಿಯುವುದಿಲ್ಲ. ಉಳಿದರೂ ಎದೆ ಬೆಳೆಸುವ ಕೆಲಸ ಅದರದ್ದಲ್ಲ. ಇನ್ನು ಎಳ್ಳು. ಎಳ್ಳು "ಉಷ್ಣ" ಅಂತ ಮೈನೆರೆದ ಹುಡುಗಿಗೆ ಚಿಗಳಿ ತಿನ್ನಿಸುತ್ತೇವೆ, ಅದೇ ಲೆಕ್ಕದಲ್ಲಿ ನಿಮ್ಮ ಅತ್ತೆ ಚಿಕ್ಕವಳಿಗೆ ಬೇಡ ಅಂದಿದ್ದಾರೆ. ಒಂದೆರಡು ಉಂಡೆಯಿಂದ ಯಾರೂ ದೊಡ್ಡವರಾಗುವುದಿಲ್ಲ.

ಹಾಗಾದರೆ ಶುರುವಾಗುವುದು ಎಲ್ಲಿಂದ? ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಒಂದು ಚಿಕ್ಕ ಜಾಗ ಇದೆ. ಅಲ್ಲಿಂದ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನು ಸ್ವಲ್ಪ ಸ್ವಲ್ಪವೇ, ತಾಸು ಒಂದೂವರೆ ತಾಸಿಗೊಮ್ಮೆ ಚಿಮ್ಮುತ್ತದೆ. ಅದು ಪಕ್ಕದ ಪಿಟ್ಯುಟರಿ ಗ್ರಂಥಿಗೆ ಹೋಗುತ್ತದೆ. ಪಿಟ್ಯುಟರಿ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನುವ ಎರಡನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯಕ್ಕೋ ವೃಷಣಕ್ಕೋ ತಲುಪಿ ಈಸ್ಟ್ರೋಜನ್, ಟೆಸ್ಟೋಸ್ಟಿರಾನ್ ತಯಾರಾಗುತ್ತದೆ. ತಯಾರಾದದ್ದು ಸಾಕಾಯಿತು ಅನ್ನುವ ಸುದ್ದಿ ಮತ್ತೆ ಮಿದುಳಿಗೇ ಹೋಗುತ್ತದೆ. ಮುಂದಿನ ಪತ್ರಗಳಲ್ಲೂ ಇದೇ ಸರಪಳಿ ಬರುತ್ತದೆ, ನೆನಪಿರಲಿ. ಹುಟ್ಟಿದ ಹೊಸತರಲ್ಲಿ ಒಂದಿಷ್ಟು ದಿನ ನಡೆದು, ಆಮೇಲೆ ಮಿದುಳೇ ಇದನ್ನು ತಡೆದಿಡುತ್ತದೆ. ಬಾಲ್ಯ ಅಂದರೆ ಈ ತಡೆ ಇರುವ ವರ್ಷಗಳು. ತಡೆ ತೆಗೆಯುವಲ್ಲಿ ಕಿಸ್‌ಪೆಪ್ಟಿನ್ ಅನ್ನುವ ಇನ್ನೊಂದು ವಸ್ತುವಿಗೆ ದೊಡ್ಡ ಪಾತ್ರ ಇದೆ ಅಂತ 2003ರಲ್ಲಿ ಗೊತ್ತಾಯಿತು. ಅದರ ಜೀನ್ 1996ರಲ್ಲಿ ಸಿಕ್ಕಿದ್ದು ಅಮೆರಿಕದ ಹರ್ಷೀ ಅನ್ನುವ ಊರಿನಲ್ಲಿ. ಅಲ್ಲಿನ ಕಿಸಸ್ ಚಾಕೊಲೇಟ್ ನೆನಪಿಗೆ ಈ ಹೆಸರಂತೆ, ಪ್ರಾಯಕ್ಕೂ ಮುತ್ತಿಗೂ ಅವರು ಮೊದಲು ನಂಟು ಹಾಕಿರಲೇ ಇಲ್ಲ!

ಹೆಣ್ಣು ಮಕ್ಕಳಲ್ಲಿ ಎಂಟರಿಂದ ಹದಿಮೂರು, ಗಂಡು ಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಇದು ಶುರುವಾದರೆ ಸರಿ. ನಿಮ್ಮ ಮಗಳದು ಎಂಟಕ್ಕಿಂತ ಮುಂಚೆ, ಹಾಗಾಗಿ ತೋರಿಸಲೇಬೇಕು. ಹೆದರಬೇಡಿ. ಎದೆ ಮೊಗ್ಗೊಡೆದ ಮೇಲೆ ಮುಟ್ಟಾಗಲು ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಬೇಕು, ನಿಮ್ಮ ಕೈಯಲ್ಲಿ ಸಮಯ ಇದೆ. ಎಷ್ಟೋ ಮಕ್ಕಳಲ್ಲಿ ಬರೀ ಎದೆ ಸ್ವಲ್ಪ ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಮಕ್ಕಳ ಹಾರ್ಮೋನ್ ತಜ್ಞರು ಎಡ ಕೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ಏಳೂವರೆ ವರ್ಷದ ಮಗುವಿಗೆ ಹತ್ತು ವರ್ಷದ ಮೂಳೆ ಇದ್ದರೆ ಚಿಂತೆ. ಯಾಕೆಂದರೆ ಈಸ್ಟ್ರೋಜನ್ ಮೊದಲು ಎತ್ತರ ಜಾಸ್ತಿ ಮಾಡುತ್ತದೆ, ಆಮೇಲೆ ಮೂಳೆ ಬೆಳೆಯುವ ಜಾಗವನ್ನೇ ಮುಚ್ಚಿಬಿಡುತ್ತದೆ. ಈಗ ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಇರುವ ಹುಡುಗಿ ಮುಂದೆ ಎಲ್ಲರಿಗಿಂತ ಗಿಡ್ಡ ಉಳಿಯಬಹುದು.

ಬೇಕಾದರೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಇದರಲ್ಲೇ ಒಂದು ತಮಾಷೆ ಇದೆ. ಇದು ಪ್ರಾಯ ತರುವ ಜಿಎನ್‌ಆರ್‌ಎಚ್‌ನದೇ ರೂಪ! ತಾಸಿಗೊಮ್ಮೆ ಯಾರೋ ಕಾಲಿಂಗ್ ಬೆಲ್ ಒತ್ತಿದರೆ ನೀವು ಎದ್ದು ಬಾಗಿಲು ತೆಗೆಯುತ್ತೀರಿ, ದಿನವಿಡೀ ಬೆರಳು ಎತ್ತದೆ ಒತ್ತಿಯೇ ಇದ್ದರೆ ಸ್ವಿಚ್ ಕಿತ್ತು ಹಾಕುತ್ತೀರಿ, ಅಲ್ವಾ? ಪಿಟ್ಯುಟರಿಯೂ ಹಾಗೇ. 1970ರ ದಶಕದಲ್ಲಿ ಅರ್ನ್ಸ್ಟ್ ಕ್ನೋಬಿಲ್ ಅನ್ನುವ ವಿಜ್ಞಾನಿ ಇದನ್ನು ಕೋತಿಗಳಲ್ಲಿ ತೋರಿಸಿದರು. ತಾಸಿಗೊಮ್ಮೆ ಕೊಟ್ಟರೆ ಹಾರ್ಮೋನು ಬಂತು, ಬಿಡದೆ ಕೊಟ್ಟರೆ ನಿಂತಿತು. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಸರಪಳಿ ಮತ್ತೆ ಶುರುವಾಗುತ್ತದೆ, ಮುಂದೆ ಮಕ್ಕಳಾಗಲು ತೊಂದರೆ ಇಲ್ಲ.

ಮೈತೂಕಕ್ಕೂ ಇದಕ್ಕೂ ನಂಟಿದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಮಿದುಳಿಗೆ "ದಾಸ್ತಾನು ಸಾಕಷ್ಟಿದೆ" ಅಂತ ತಿಳಿಸುತ್ತದೆ. ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಇಟಲಿ, ಟರ್ಕಿ, ನಮ್ಮ ದೇಶದಲ್ಲೂ ಬೇಗ ಪ್ರಾಯಕ್ಕೆ ಬರುವ ಹುಡುಗಿಯರ ಸಂಖ್ಯೆ ಹೆಚ್ಚಾದದ್ದು ವರದಿಯಾಯಿತು. ಕೋಳಿ ಬಿಡಿಸುವ ಬದಲು ಸಂಜೆ ಆಟಕ್ಕೆ ಬಿಡಿ, ಪ್ಯಾಕೆಟ್ ತಿಂಡಿ ಕಮ್ಮಿ ಮಾಡಿ. ಮತ್ತೆ ಇನ್ನೊಂದು. ಗಂಡು ಮಗುವಿಗೆ ಒಂಬತ್ತಕ್ಕಿಂತ ಮುಂಚೆ ಮೀಸೆ, ದನಿ ಒಡೆಯುವುದು ಕಂಡರೆ ಖುಷಿಪಡಬೇಡಿ. ಹುಡುಗಿಯರಲ್ಲಿ ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ, ಹುಡುಗರಲ್ಲಿ ಕಾರಣ ಸಿಗುವುದೇ ಜಾಸ್ತಿ. ಅದಕ್ಕೇ ಮಿದುಳಿನ ಎಂಆರ್‌ಐ ಹೇಳುತ್ತಾರೆ.

ವಯಸ್ಸು 34. ವರಮಹಾಲಕ್ಷ್ಮಿಗೆ, ಗೌರಿಗೆ, ದಸರಾಕ್ಕೆ ಅಂತ ಮುಟ್ಟು ಮುಂದೆ ಹಾಕುವ ಮಾತ್ರೆ ಮೆಡಿಕಲ್ ಶಾಪಿನಿಂದ ತಂದು ತಗೊಳ್ತೀನಿ. ನಮ್ಮ ಓರಗಿತ್ತಿಯೂ ಅದೇ. ಗರ್ಭಕೋಶಕ್ಕೆ ತೊಂದರೆಯಾ?
– ಗೃಹಿಣಿ, ಮೈಸೂರು

ವರಮಹಾಲಕ್ಷ್ಮಿಯಿಂದ ಗೌರಿ ಹಬ್ಬಕ್ಕೆ ಸರಿಸುಮಾರು ಮೂರು ವಾರ, ಗೌರಿಯಿಂದ ನವರಾತ್ರಿಗೆ ಒಂದು ತಿಂಗಳು. ಅಂದರೆ ಶ್ರಾವಣಕ್ಕೆ ಶುರುಮಾಡಿದರೆ ದಸರಾ ತನಕ ನಿಮ್ಮ ದೇಹಕ್ಕೆ ತನ್ನದೇ ತಾಳ ಸಿಗುವುದಿಲ್ಲ.

ಆ ಮಾತ್ರೆ ನಾರೆಥಿಸ್ಟಿರಾನ್, ಪ್ರೊಜೆಸ್ಟಿರಾನ್ ಹಾಗೆ ಕೆಲಸ ಮಾಡುವ ಔಷಧಿ. ತಿಂಗಳ ಮೊದಲರ್ಧದಲ್ಲಿ ಅಂಡಾಶಯದಲ್ಲಿ ಒಂದು ಗುಳ್ಳೆ ಬೆಳೆದು ಈಸ್ಟ್ರೋಜನ್ ಕೊಡುತ್ತದೆ, ಗರ್ಭಕೋಶದ ಒಳಪದರ ದಪ್ಪ ಆಗುತ್ತದೆ. ಈಸ್ಟ್ರೋಜನ್ ಒಂದು ಮಟ್ಟ ದಾಟಿ ಎರಡು ದಿನ ನಿಂತರೆ ಇಲ್ಲಿಯವರೆಗೆ "ಸಾಕು" ಅನ್ನುತ್ತಿದ್ದ ಮಿದುಳು ಒಮ್ಮೆಲೇ "ಇನ್ನೂ ಬೇಕು" ಅನ್ನುತ್ತದೆ. ಎಲ್‌ಎಚ್ ಜಿಗಿಯುತ್ತದೆ. ಸುಮಾರು 36 ತಾಸಿನ ನಂತರ ಗುಳ್ಳೆ ಒಡೆದು ಅಂಡಾಣು ಹೊರಗೆ. ಒಡೆದ ಗುಳ್ಳೆಯೇ ಹಳದಿ ಗಂಟಾಗಿ ಪ್ರೊಜೆಸ್ಟಿರಾನ್ ಕೊಡಲು ಶುರು ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನಕ್ಕೆ ಅದರ ಆಯುಸ್ಸು ಮುಗಿಯುತ್ತದೆ, ಪ್ರೊಜೆಸ್ಟಿರಾನ್ ಇಳಿಯುತ್ತದೆ, ಒಳಪದರ ಕಳಚುತ್ತದೆ. ಅದೇ ಮುಟ್ಟು. ಹೊರಗಿನಿಂದ ಮಾತ್ರೆ ಕೊಡುತ್ತಾ ಹೋದರೆ ಇಳಿಯುವುದು ಗೊತ್ತಾಗುವುದಿಲ್ಲ, ಪದರ ಹಾಗೇ ನಿಂತಿರುತ್ತದೆ. ಬಿಟ್ಟ ಎರಡು ಮೂರು ದಿನಕ್ಕೆ ಬರುತ್ತದೆ. ಇಷ್ಟೇ ವಿಷಯ.

ಪರೀಕ್ಷೆ, ಮದುವೆ, ಪ್ರಯಾಣ ಅಂದರೆ ಮುಟ್ಟು ಹಿಂದೆ ಮುಂದೆ ಆಗುವುದೂ ಇಲ್ಲಿಂದಲೇ. ಎರಡನೇ ಅರ್ಧ ಹೆಚ್ಚುಕಡಿಮೆ ಒಂದೇ ಅಳತೆ, ಮೊದಲರ್ಧ ಮಾತ್ರ ಎಳೆದರೆ ಎಳೆಯುತ್ತದೆ. ಟೆನ್ಷನ್‌ನಿಂದ ಅಂಡಾಣು ಬಿಡುಗಡೆ ತಡವಾದರೆ ಮುಟ್ಟೂ ಅಷ್ಟೇ ತಡ.

ವರ್ಷಕ್ಕೆ ಒಂದು ಸಲ, ಡಾಕ್ಟರನ್ನು ಕೇಳಿ, ಆರೋಗ್ಯವಂತ ಹೆಂಗಸು ತೆಗೆದುಕೊಂಡರೆ ಗರ್ಭಕೋಶ ಹಾಳಾಗುವುದಿಲ್ಲ. ಮುಟ್ಟಿನ ದಿನಕ್ಕೆ ಮೂರು ದಿನ ಮುಂಚೆ ಶುರು ಮಾಡಬೇಕು. ಮುಟ್ಟಾದ ಮೇಲೆ ನುಂಗಿ ಪ್ರಯೋಜನ ಇಲ್ಲ. ನನ್ನ ತಕರಾರು ಮೆಡಿಕಲ್ ಶಾಪಿನ ಬಗ್ಗೆ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ, ಪಾರ್ಶ್ವವಾಯು ಆಗಿದ್ದರೆ, ಲಿವರ್ ಕಾಯಿಲೆ ಇದ್ದರೆ, ಕಣ್ಣ ಮುಂದೆ ಮಿಂಚು ಕಾಣಿಸುವ ತಲೆನೋವು ಇದ್ದರೆ ಕೇಳದೆ ತೆಗೆದುಕೊಳ್ಳಲೇಬಾರದು. ಈ ಡೋಸಿನಲ್ಲಿ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ, ಅದಕ್ಕೇ ಈ ಎಚ್ಚರಿಕೆ. ಕೌಂಟರಿನ ಹುಡುಗ ಇದನ್ನೆಲ್ಲ ಕೇಳುತ್ತಾನಾ? ಗರ್ಭ ನಿಂತಿರುವ ಅನುಮಾನ ಇದ್ದರೂ ಬೇಡ. ಮತ್ತೆ, ಹೀಗೆ ಹಬ್ಬಕ್ಕೆಂದು ನುಂಗಿದ ಮಾತ್ರೆ ಗರ್ಭ ತಡೆಯುತ್ತೆ ಅಂತ ನಂಬಬೇಡಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮನಸ್ಸಿನ ಮಾತು: ಮುಟ್ಟಾದವಳು ಕಳಶ ಮುಟ್ಟಿದರೆ ಲಕ್ಷ್ಮಿಗೇನೂ ಬೇಜಾರಾಗಲಿಕ್ಕಿಲ್ಲ. ಅದು ನಿಮ್ಮ ಮನೆಯ ವಿಷಯ, ನಾನು ಸುಮ್ನಿರುತ್ತೇನೆ.

23 ವರ್ಷ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು. ಸ್ಕ್ಯಾನಿಂಗ್‌ನಲ್ಲಿ ಪಿಸಿಒಡಿ ಅಂದರು. ಆನ್‌ಲೈನ್‌ನಲ್ಲಿ "ಹಾರ್ಮೋನ್ ಬ್ಯಾಲೆನ್ಸ್" ಪೌಡರ್ ತರಿಸಿದ್ದೇನೆ, ಕುಡಿಯಲಾ?
– ಬೆಂಗಳೂರು

ಡಬ್ಬಿ ಹಿಂದೆ ತಿರುಗಿಸಿ ನೋಡಿ, ಯಾವ ಹಾರ್ಮೋನನ್ನು ಎಷ್ಟರಿಂದ ಎಷ್ಟಕ್ಕೆ ತರುತ್ತೆ ಅಂತ ಬರೆದಿದೆಯಾ? ಇಲ್ಲ ತಾನೆ.

ಪಿಸಿಒಡಿ ಅಂದರೆ ಪಾಲಿಸಿಸ್ಟಿಕ್ ಓವರಿ, ಅಂಡಾಶಯದ ತೊಂದರೆ. ಅದರಲ್ಲಿ ಗಡ್ಡೆ ಇರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಅರ್ಧ ಬೆಳೆದು ನಿಂತ ಸಣ್ಣ ಗುಳ್ಳೆಗಳು. ಜಿಎನ್‌ಆರ್‌ಎಚ್ ಬೇಗ ಬೇಗ ಚಿಮ್ಮುತ್ತದೆ, ಅದರಿಂದ ಎಲ್‌ಎಚ್ ಜಾಸ್ತಿ, ಎಫ್‌ಎಸ್‌ಎಚ್ ಕಮ್ಮಿ. ಗುಳ್ಳೆ ಪೂರ್ತಿ ಬೆಳೆಯಲು ಎಫ್‌ಎಸ್‌ಎಚ್ ಬೇಕು. ಇದಕ್ಕೆ ಇನ್ಸುಲಿನ್ ಸೇರಿಕೊಂಡು ಅಂಡಾಶಯದಿಂದ ಗಂಡು ಹಾರ್ಮೋನು ಹೆಚ್ಚು ತೆಗೆಸುತ್ತದೆ, ಗದ್ದದ ಮೇಲೆ ಕೂದಲು ಅದರಿಂದ. ತೂಕ ಜಾಸ್ತಿ ಇದ್ದವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ, ಅಂದರೆ 70 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿಸಿದರೂ, ಬಹಳ ಜನರಿಗೆ ಮುಟ್ಟು ಸರಿ ಹೋಗುತ್ತದೆ. ಪೌಡರ್ ದುಡ್ಡಲ್ಲಿ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ಮೊದಲೆರಡರ ತೊಂದರೆಯೂ ಹೀಗೇ ಮುಟ್ಟು ತಪ್ಪಿಸುತ್ತದೆ. ಮೂರು ತಿಂಗಳು ದಾಟಿದರೂ ಆಗದಿದ್ದರೆ "ಆರಾಮಾಯ್ತು" ಅಂತ ಬಿಡಬೇಡಿ. ಪ್ರೊಜೆಸ್ಟಿರಾನ್ ಇಲ್ಲದೆ ಒಳಪದರ ದಪ್ಪ ಆಗುತ್ತಲೇ ಹೋಗುವುದು ಒಳ್ಳೆಯದಲ್ಲ, ಮಾತ್ರೆ ಕೊಟ್ಟು ಕಳಚಿಸಬೇಕಾಗುತ್ತದೆ.

ನಿಮ್ಮ ತಂಗಿಗೂ ಇದೆ ಅಂತ ಬರೆದಿದ್ದೀರಿ, ಅವಳಿಗೆ 15. ಅವಳನ್ನು ಬಿಟ್ಟುಬಿಡಿ. ಮುಟ್ಟು ಶುರುವಾಗಿ ಎಂಟು ವರ್ಷ ಆಗುವ ತನಕ ಸ್ಕ್ಯಾನಿಂಗ್ ನೋಡಿ ಪಿಸಿಒಡಿ ಹೆಸರು ಹಚ್ಚಬಾರದು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ಆ ವಯಸ್ಸಿನ ಅಂಡಾಶಯ ಹಾಗೇ ಕಾಣುತ್ತೆ.

ನನಗೆ 27. ಜಿಮ್ಮಿನ ಟ್ರೈನರ್ ಮಾತು ಕೇಳಿ ಒಂದು ವರ್ಷ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡೆ. ಬಾಡಿ ಬಂತು. ಮದುವೆಯಾಗಿ ಎಂಟು ತಿಂಗಳು, ಈಗ ವೀರ್ಯ ಪರೀಕ್ಷೆಯಲ್ಲಿ "ನಿಲ್" ಅಂತ ಬಂದಿದೆ. ಗಂಡಸ್ತನ ಹೆಚ್ಚಿಸುವ ಹಾರ್ಮೋನು ತಗೊಂಡರೆ ಹೀಗಾಗೋದು ಹೇಗೆ ಡಾಕ್ಟ್ರೇ? ಹೆಂಡತಿಗೆ ಇನ್ನೂ ಹೇಳಿಲ್ಲ.
– ದಾವಣಗೆರೆ

ಹೀಗೇ ಆಗಬೇಕು, ಲೆಕ್ಕ ಸರಿಯಾಗಿದೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಗಂಡಸರಿಗೆ ವಾರಕ್ಕೊಂದು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಟ್ಟ ಪ್ರಯೋಗ ಪ್ರಕಟಿಸಿತು. ಯಾತಕ್ಕೆ ಗೊತ್ತಾ? ಗರ್ಭನಿರೋಧಕವಾಗಿ! ವೀರ್ಯಾಣು ಶೂನ್ಯಕ್ಕೆ ಇಳಿದವರಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ನಿಮ್ಮ ಟ್ರೈನರ್ ನಿಮಗೆ ಒಂದು ವರ್ಷ ಕುಟುಂಬ ಯೋಜನೆ ಮಾಡಿಸಿದ್ದಾನೆ.

ಸರಪಳಿ ನೆನಪಿದೆಯಾ? ಎಲ್‌ಎಚ್ ಬಂದು ವೃಷಣದ ಲೈಡಿಗ್ ಕೋಶಗಳಿಗೆ ಹೇಳಿದರೆ ಅವು ಟೆಸ್ಟೋಸ್ಟಿರಾನ್ ಮಾಡುತ್ತವೆ. ಪಕ್ಕದಲ್ಲಿರುವ ಸರ್ಟೋಲಿ ಕೋಶಗಳು ಎಫ್‌ಎಸ್‌ಎಚ್ ಮತ್ತು ಆ ಟೆಸ್ಟೋಸ್ಟಿರಾನ್ ಎರಡನ್ನೂ ಹಿಡಿದುಕೊಂಡು ವೀರ್ಯಾಣುಗಳನ್ನು ಸಾಕುತ್ತವೆ. ವೃಷಣದ ಒಳಗೆ ಟೆಸ್ಟೋಸ್ಟಿರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ಇರಬೇಕು. ನೀವು ತೊಡೆಗೆ ಚುಚ್ಚಿಸಿಕೊಂಡದ್ದು ರಕ್ತದಲ್ಲಿ ತುಂಬಿತು, ಸ್ನಾಯು ಉಬ್ಬಿತು. ಮಿದುಳು ನೋಡಿತು, ಇಷ್ಟೊಂದು ಇದೆಯಲ್ಲ ಅಂತ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸಿತು. ವೃಷಣ ಕೆಲಸವಿಲ್ಲದೆ ಸಣ್ಣದಾಯಿತು. ಎದೆ ಸ್ವಲ್ಪ ಉಬ್ಬಿದ್ದರೂ ಆಶ್ಚರ್ಯ ಇಲ್ಲ, ಹೆಚ್ಚಾದ ಟೆಸ್ಟೋಸ್ಟಿರಾನ್ ಕೊಬ್ಬಿನಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ.

ವೀರ್ಯಾಣು ಮತ್ತು ಗಂಡು ಹಾರ್ಮೋನು ಎರಡೂ ಒಂದೇ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿದರು. ನಮ್ಮ ದೇವಸ್ಥಾನಗಳ ಮುಂದೆ ಬಾಳೆಹಣ್ಣು ಕಿತ್ತುಕೊಂಡು ಓಡುತ್ತವಲ್ಲ, ಆ ಜಾತಿಯ ಗಂಡು ಮಂಗಗಳಿಗೆ ಎಫ್‌ಎಸ್‌ಎಚ್ ವಿರುದ್ಧ ಲಸಿಕೆ ಕೊಟ್ಟರು. ಟೆಸ್ಟೋಸ್ಟಿರಾನ್ ಹಾಗೇ ಇತ್ತು, ಮರಿ ಹುಟ್ಟಿಸುವ ಶಕ್ತಿ ಮಾತ್ರ ಹೋಯಿತು. ನಿಮ್ಮ ಸ್ಥಿತಿ ಅದಕ್ಕೆ ಹತ್ತಿರದ್ದು.

ಈಗ ಮಾಡಬೇಕಾದ್ದು. ಇಂಜೆಕ್ಷನ್ ಪೂರ್ತಿ ನಿಲ್ಲಿಸಿ, ಆದರೆ ಒಬ್ಬರೇ ಮನೆಯಲ್ಲಿ ಕೂತು ಅಲ್ಲ. ನಿಂತ ಮೇಲೆ ಕೆಲವು ವಾರ, ತಿಂಗಳು ಸುಸ್ತು, ಬೇಸರ, ಆಸೆ ಕಮ್ಮಿ ಆಗುವುದು ಇರುತ್ತದೆ. ತಡೆಯಲಾಗದೆ ಮತ್ತೆ ಸೂಜಿಗೆ ಹೋಗುವವರು ಈ ಹಂತದಲ್ಲೇ ಹೋಗುವುದು. ಹಾರ್ಮೋನ್ ತಜ್ಞರು ಅಥವಾ ಆಂಡ್ರಾಲಜಿ (ಗಂಡಸರ ಸಂತಾನ ಸಮಸ್ಯೆಗಳ ವಿಭಾಗ) ಗೊತ್ತಿರುವ ಯೂರಾಲಜಿಸ್ಟ್ ಹತ್ತಿರ ಹೋಗಿ. ಬೇಕಾದರೆ ಎಚ್‌ಸಿಜಿ ಇಂಜೆಕ್ಷನ್, ಕ್ಲೋಮಿಫೀನ್ ಮಾತ್ರೆ ಕೊಟ್ಟು ಸರಪಳಿಯನ್ನು ಎಬ್ಬಿಸುತ್ತಾರೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಅಳಬೇಡಿ. ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಮರಳುತ್ತದೆ, ಕೆಲವರಿಗೆ ಎರಡು ವರ್ಷ. ರಕ್ತ ದಪ್ಪ ಆಗಿದೆಯಾ ಅಂತ ಒಂದು ಸಿಬಿಸಿ ರಕ್ತ ಪರೀಕ್ಷೆ, ಲಿವರ್ ಟೆಸ್ಟೂ ಇರಲಿ.

ಹೆಂಡತಿಗೆ ಇವತ್ತೇ ಹೇಳಿ. ಎಂಟು ತಿಂಗಳಲ್ಲಿ ಅವರನ್ನು ಯಾರ್ಯಾರು ಎಷ್ಟು ಸಲ "ಏನಾದರೂ ವಿಶೇಷ ಉಂಟಾ" ಅಂತ ಕೇಳಿರಬಹುದು, ಎಷ್ಟು ದೇವಸ್ಥಾನ ಸುತ್ತಿಸಿರಬಹುದು, ಯೋಚನೆ ಮಾಡಿ.

ಹೆರಿಗೆಯಾಗಿ ಐದು ತಿಂಗಳು. ಎದೆಹಾಲು ಕೊಡ್ತಿದ್ದೀನಿ, ರಾತ್ರಿ ಒಂದು ಬಾಟಲಿ ಪೌಡರ್ ಹಾಲು. ಇನ್ನೂ ಮುಟ್ಟಾಗಿಲ್ಲ. ಹಾಲು ಕುಡಿಸುವಾಗ ಗರ್ಭ ನಿಲ್ಲಲ್ಲ ಅಂತಾರಲ್ಲ?
– ಬಾಣಂತಿ, ಗದಗ

ಅರ್ಧ ನಿಜ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಏರುತ್ತದೆ, ಮಿದುಳಿನ ಜಿಎನ್‌ಆರ್‌ಎಚ್ ತಾಳ ತಪ್ಪುತ್ತದೆ, ಅಂಡಾಣು ಬರುವುದಿಲ್ಲ. ಆದರೆ ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಬರೀ ಎದೆಹಾಲೇ ಆಗಿರಬೇಕು. ಹಗಲು ನಾಲ್ಕು ತಾಸು, ರಾತ್ರಿ ಆರು ತಾಸಿಗಿಂತ ಹೆಚ್ಚು ಅಂತರ ಬೀಳಬಾರದು. ಮೂರೂ ಇದ್ದರೆ ನೂರರಲ್ಲಿ 98 ಜನಕ್ಕೆ ಗರ್ಭ ನಿಲ್ಲುವುದಿಲ್ಲ. ನಿಮ್ಮ ರಾತ್ರಿಯ ಬಾಟಲಿ ಆ ಷರತ್ತು ಮುರಿದಿದೆ. ಮುಟ್ಟು ಬಂದ ಮೇಲೆ ನೋಡೋಣ ಅನ್ನಬೇಡಿ, ಅಂಡಾಣು ಬಿಡುಗಡೆಯಾಗುವುದು ಮೊದಲು, ಮುಟ್ಟು ಆಮೇಲೆ. ಬಾಣಂತನದಲ್ಲಿ ಮುಟ್ಟೇ ಆಗದೆ ಎರಡನೆಯದು ನಿಂತ ಹೆಂಗಸರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ಎಲ್ಲ ಉಚಿತ. ಇವು ಹಾಲಿಗೆ ತೊಂದರೆ ಮಾಡುವುದಿಲ್ಲ. ಈಸ್ಟ್ರೋಜನ್ ಇರುವ ಮಾಮೂಲಿ ಮಾತ್ರೆ ಮಾತ್ರ ಈಗ ಬೇಡ.

ವಯಸ್ಸು 46. ಒಂದು ವರ್ಷದಿಂದ ಮುಟ್ಟು ಎರಡು ತಿಂಗಳಿಗೊಮ್ಮೆ, ಬಂದರೆ ಹನ್ನೆರಡು ದಿನ, ಗಡ್ಡೆ ಗಡ್ಡೆ ಹೋಗ್ತದ. ರಾತ್ರಿ ಮೈ ಉರಿ ಎದ್ದು ಬೆವತು ನಿದ್ದೆ ಇಲ್ಲ. ಇಲ್ಲಿನ ಒಂದು ನರ್ಸಿಂಗ್ ಹೋಂನಾಗ ಗರ್ಭಚೀಲ ತೆಗೀರಿ, ಎಲ್ಲಾ ಹಾರ್ಮೋನು ಸರಿ ಆಗ್ತಾವ ಅಂದ್ರು. ತೆಗೆಸಲಿ ಏನು?
– ಜೇವರ್ಗಿ ತಾಲ್ಲೂಕು

ಈಗಲೇ ತೆಗೆಸಬೇಡ್ರಿ ಅಕ್ಕ. ಗರ್ಭಚೀಲದಿಂದ ಈ ಹಾರ್ಮೋನು ಬರುವುದೇ ಇಲ್ಲ. ಬರುವುದು ಅಂಡಾಶಯದಿಂದ. ಚೀಲ ತೆಗೆದರೆ ರಕ್ತ ನಿಲ್ಲುತ್ತೆ, ಮೈ ಉರಿ ನಿಲ್ಲಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೈ ಉರಿ ಮರುದಿನದಿಂದಲೇ ಜೋರಾಗುತ್ತೆ, ಮೂಳೆ ಬೇಗ ಸವೆಯುತ್ತೆ, ಹೃದಯಕ್ಕೂ ಒಳ್ಳೆಯದಲ್ಲ. ನಿಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲೇ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶವನ್ನು ಬೇಕಿಲ್ಲದೆ ತೆಗೆದ ಪ್ರಕರಣಗಳು ಬಯಲಿಗೆ ಬಂದು, ಹೋರಾಟ, ವಿಚಾರಣೆ ಎಲ್ಲ ಆಗಿದ್ದು ನಿಮಗೂ ಗೊತ್ತಿರಬೇಕು.

ನಿಮಗೆ ಆಗುತ್ತಿರುವುದು ಇದು. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅರವತ್ತು ಎಪ್ಪತ್ತು ಲಕ್ಷ ಅಂಡಾಣು ಇರುತ್ತವೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ, ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಗೆ ಬರುವುದು ನಾನೂರರಿಂದ ಐನೂರು ಅಷ್ಟೇ, ಉಳಿದವು ಒಳಗೇ ಕರಗುತ್ತವೆ. ಭಾರತದ ಹೆಂಗಸರಲ್ಲಿ ಸರಾಸರಿ 46-47ಕ್ಕೆ ದಾಸ್ತಾನು ಮುಗಿಯುತ್ತದೆ. ಮುಗಿಯುವ ಮುಂಚಿನ ಕೆಲವು ವರ್ಷ ಕೆಲವು ತಿಂಗಳು ಅಂಡಾಣುವೇ ಬಿಡುಗಡೆ ಆಗುವುದಿಲ್ಲ. ಹಳದಿ ಗಂಟಿಲ್ಲ, ಪ್ರೊಜೆಸ್ಟಿರಾನ್ ಇಲ್ಲ, ಈಸ್ಟ್ರೋಜನ್ ಒಂದೇ ಪದರ ದಪ್ಪ ಮಾಡುತ್ತಾ ಹೋಗುತ್ತದೆ. ಕೊನೆಗೆ ತಡೆಯಲಾಗದೆ ಹನ್ನೆರಡು ದಿನ ಸುರಿಯುತ್ತದೆ.

ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್ ಮಾಡಿಸಿ. 45 ದಾಟಿದ ಮೇಲೆ ಹೀಗೆ ಹೋದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಮುಖ್ಯ, ಅದನ್ನು ಮಾಡದೆ ಆಪರೇಷನ್ ದಿನ ಕೊಟ್ಟರೆ ಎದ್ದು ಬನ್ನಿ. ಪರೀಕ್ಷೆ ಸರಿ ಇದ್ದರೆ ಪ್ರೊಜೆಸ್ಟಿರಾನ್ ಮಾತ್ರೆ, ರಕ್ತ ಕಮ್ಮಿ ಮಾಡುವ ಟ್ರಾನೆಕ್ಸಮಿಕ್ ಮಾತ್ರೆ, ಇಲ್ಲವೇ ಗರ್ಭಚೀಲದೊಳಗೆ ಕೂರಿಸುವ ಹಾರ್ಮೋನ್ ಸಾಧನ ಇದೆ. ಕಾಪರ್-ಟಿ ಥರವೇ ಇರುತ್ತದೆ, ಐದು ವರ್ಷಕ್ಕೂ ಹೆಚ್ಚು ಕೆಲಸ ಮಾಡುತ್ತದೆ. ಇದರಲ್ಲೇ ಎಷ್ಟೋ ಜನ ಮುಟ್ಟು ನಿಲ್ಲುವ ತನಕ ದಾಟಿಬಿಡುತ್ತಾರೆ. ದೊಡ್ಡ ಫೈಬ್ರಾಯ್ಡ್ ಗಡ್ಡೆಯೋ, ಕ್ಯಾನ್ಸರ್ ಅನುಮಾನವೋ ಇದ್ದರೆ ಆಪರೇಷನ್ ಬೇಕಾಗಬಹುದು, ಆಗ ಎರಡನೇ ಡಾಕ್ಟರನ್ನೂ ಕೇಳಿ.

ಮೈ ಉರಿ ಮಿದುಳಿನಿಂದ ಬರುತ್ತದೆ. ಚಿತ್ರದುರ್ಗದ ತಾಯಿಗೆ ಹೇಳಿದ ಕಿಸ್‌ಪೆಪ್ಟಿನ್ ಮಾಡುವ ನರಕೋಶಗಳೇ ಇಲ್ಲೂ. ಈಸ್ಟ್ರೋಜನ್ ಇಳಿದಾಗ ಅವು ಜೋರಾಗಿ ಕೆರಳಿ ಪಕ್ಕದ ಮೈಶಾಖ ನೋಡಿಕೊಳ್ಳುವ ಜಾಗವನ್ನು ಗಲಿಬಿಲಿ ಮಾಡುತ್ತವೆ. ಈ ಕೋಶಗಳನ್ನೇ ಶಾಂತ ಮಾಡುವ ಫೆಜೋಲಿನೆಟಾಂಟ್ ಅನ್ನುವ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಅದು ಹಾರ್ಮೋನಲ್ಲ. ಹಾರ್ಮೋನ್ ಚಿಕಿತ್ಸೆ ಅಂದರೆ 2002ರಿಂದ ಎಲ್ಲರೂ ಹೆದರಿದ್ದಾರೆ. ಆ ವರ್ಷ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಾದದ್ದನ್ನು ಹೇಳಿತ್ತು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಬಹಳಷ್ಟು ಹೆಂಗಸರಿಗೆ ಲಾಭವೇ ಹೆಚ್ಚು ಅಂತ ಆಮೇಲೆ ತಿಳಿಯಿತು. ಗರ್ಭಚೀಲ ಇರುವವರಿಗೆ ಬರೀ ಈಸ್ಟ್ರೋಜನ್ ಕೊಡಬಾರದು, ಜೊತೆಗೆ ಪ್ರೊಜೆಸ್ಟಿರಾನ್ ಇರಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ ಬೇಡ.

ಯಜಮಾನರಿಗೆ 58. ಸಿಟ್ಟು ಜಾಸ್ತಿ, ಆಸಕ್ತಿ ಕಮ್ಮಿ. ಗಂಡಸರಿಗೂ ಮುಟ್ಟು ನಿಲ್ಲುವ ಥರ ಏನಾದರೂ ಇದೆಯಾ?
– ಶಿರಸಿ

ಹೆಂಗಸರ ಹಾಗೆ ಒಮ್ಮೆಲೇ ನಿಲ್ಲುವುದಿಲ್ಲ. ನಲವತ್ತರ ಆಸುಪಾಸಿನಿಂದ ವರ್ಷಕ್ಕೆ ನೂರಕ್ಕೆ ಒಂದರಷ್ಟು ಟೆಸ್ಟೋಸ್ಟಿರಾನ್ ನಿಧಾನ ಇಳಿಯುತ್ತದೆ. ಹೊಟ್ಟೆ, ಸಕ್ಕರೆ ಕಾಯಿಲೆ, ಗೊರಕೆ, ಕೆಲವು ಬಿಪಿ ಮಾತ್ರೆ, ಸಂಜೆಯ ಎಣ್ಣೆ, ಇವುಗಳ ಪಾಲು ವಯಸ್ಸಿಗಿಂತ ಜಾಸ್ತಿ. ಪರೀಕ್ಷೆ ಮಾಡಿಸುವುದಾದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ. ಸಂಜೆ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಕಮ್ಮಿಯೇ ಇರುತ್ತದೆ. ನಿಮಿರುವಿಕೆಯ ತೊಂದರೆ ಇದ್ದರೆ ಮೊದಲು ಹೃದಯ ತೋರಿಸಿ. ರಕ್ತನಾಳ ಕಟ್ಟಿಕೊಳ್ಳುವುದು ಕೆಲವರಲ್ಲಿ ಅಲ್ಲಿ ಮೊದಲು ಕಾಣುತ್ತದೆ, ಎದೆನೋವು ವರ್ಷಗಳ ನಂತರ.

ಅಮ್ಮನಿಗೆ 61. ಮುಟ್ಟು ನಿಂತು ಒಂಬತ್ತು ವರ್ಷ. ಹೋದ ವಾರ ಸೀರೆ ಮೇಲೆ ರಕ್ತದ ಕಲೆ. "ಮತ್ತೆ ಹರೆಯ ಬಂತು" ಅಂತ ಮನೆಯಲ್ಲಿ ತಮಾಷೆ ಮಾಡ್ತಿದ್ದಾರೆ.
– ಮಗಳು, ಕುಂದಾಪುರ

ತಮಾಷೆ ಬಿಟ್ಟು ಈ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಹನ್ನೆರಡು ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ತೊಟ್ಟು ಕಂಡರೂ ಅದು ಮುಟ್ಟಲ್ಲ. ಹತ್ತರಲ್ಲಿ ಒಂಬತ್ತು ಜನಕ್ಕೆ ಒಳಚರ್ಮ ತೆಳುವಾದದ್ದೋ, ಸಣ್ಣ ಪಾಲಿಪ್ಪೋ (ಒಳಪದರದಲ್ಲಿ ಬೆಳೆದ ಮೆತ್ತನೆ ಗಂಟು) ಕಾರಣ. ಇನ್ನೊಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್, ಬೇಗ ಸಿಕ್ಕರೆ ಚೆನ್ನಾಗಿ ಗುಣವಾಗುವಂಥದ್ದು. ಕೆಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಪದರ 4 ಮಿಲಿಮೀಟರಿಗಿಂತ ದಪ್ಪ ಇದ್ದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಅಮ್ಮನಿಗೆ ಸಕ್ಕರೆ, ಬಿಪಿ, ತೂಕ ಜಾಸ್ತಿ ಇದ್ದರೆ, ಯಾವುದಾದರೂ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ, ಮಾತ್ರೆಯ ಚೀಟಿ ಜೊತೆಗೇ ಇಟ್ಟುಕೊಳ್ಳಿ.